ಸೊನ್ನೆಯನ್ನು ನಂಬುವ ಮುನ್ನ

2017ರ ಮಾರ್ಚ್ 7ರಂದು ಅಪಾಚೆ ಸಂಸ್ಥೆ ತನ್ನ ‘ಸ್ಟ್ರಟ್ಸ್’ ತಂತ್ರಾಂಶದಲ್ಲಿ ಗಂಭೀರವಾದ ಭದ್ರತಾ ಲೋಪವಿದೆಯೆಂದು ಪ್ರಕಟಿಸಿ, ಅದನ್ನು ಸರಿಪಡಿಸಿದ ಆವೃತ್ತಿಯನ್ನೂ ಬಿಡುಗಡೆ ಮಾಡಿತು. ಮರುದಿನವೇ ಅಮೆರಿಕ ಸರ್ಕಾರದ ಸೈಬರ್ ಭದ್ರತಾ ವಿಭಾಗ ಎಲ್ಲರಿಗೂ ಎಚ್ಚರಿಕೆ ಕೊಟ್ಟಿತು. ಜನರ ಸಾಲದ ಚರಿತ್ರೆಯನ್ನು ಕಲೆಹಾಕಿ ಇಡುವ ಈಕ್ವಿಫ್ಯಾಕ್ಸ್ ಕಂಪನಿಗೂ ಅದು ತಲುಪಿತು. 9ರಂದು ಕಂಪನಿಯೊಳಗೆ ಇಮೇಲ್ ಹೊರಟಿತು. ಇಂಥ ಲೋಪಗಳನ್ನು 48 ಗಂಟೆಯೊಳಗೆ ಸರಿಪಡಿಸಬೇಕೆಂಬುದು ಅಲ್ಲಿನ ನಿಯಮ. 15ರಂದು, ಹಳೆಯ ಸ್ಟ್ರಟ್ಸ್ ಇನ್ನೂ ಎಲ್ಲಾದರೂ ಉಳಿದಿದೆಯೇ ಎಂದು ಸ್ಕ್ಯಾನ್ ಕೂಡ ನಡೆಯಿತು. ಏನೂ ಸಿಗಲಿಲ್ಲ. ಎರಡು ತಿಂಗಳ ನಂತರ, ಮೇ ಮಧ್ಯಭಾಗದಲ್ಲಿ, ಕಳ್ಳರು ಅದೇ ಲೋಪದ ಮೂಲಕ ಒಳಗೆ ಬಂದು ಜುಲೈ ಕೊನೆಯವರೆಗೂ ಆರಾಮವಾಗಿ ಓಡಾಡಿಕೊಂಡಿದ್ದರು. ಸುಮಾರು 14.7 ಕೋಟಿ ಜನರ ಹೆಸರು, ಜನ್ಮದಿನಾಂಕ, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಗಳು ಅವರ ಪಾಲಾದವು.

ಅಪ್‌ಡೇಟ್ ಮಾಡದೆ ಕೆಟ್ಟರು ಎಂದು ಈ ಪ್ರಕರಣವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದು ವಾಡಿಕೆ. ನನ್ನನ್ನು ಹೆಚ್ಚು ಕಾಡುವುದು 15ನೇ ತಾರೀಕಿನ ಆ ಸ್ಕ್ಯಾನ್. ಅಮೆರಿಕದ ಸಂಸದೀಯ ಸಮಿತಿ 2018ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ ಅದರ ವಿವರವಿದೆ. ಸ್ಕ್ಯಾನರ್ ಹುಡುಕಿದ್ದು ಮೇಲಿನ ಫೋಲ್ಡರಿನಲ್ಲಿ. ಸ್ಟ್ರಟ್ಸ್ ಇದ್ದದ್ದು ಅದರೊಳಗಿನ ಇನ್ನೊಂದು ಫೋಲ್ಡರಿನಲ್ಲಿ. ನೋಡಿದ ಜಾಗದಲ್ಲಿ ಕಾಣಲಿಲ್ಲ ಎಂಬುದಷ್ಟೇ ಸ್ಕ್ಯಾನರಿಗೆ ತಿಳಿದದ್ದು. ಅದನ್ನು ಓದಿದವರು ಎಲ್ಲೂ ಇಲ್ಲವೆಂದು ಅರ್ಥಮಾಡಿಕೊಂಡು ನೆಮ್ಮದಿಯಿಂದ ಕುಳಿತರು.

ಈ ಬಗೆಯ ತಪಾಸಣೆ ದೊಡ್ಡ ಕಂಪನಿಗಳ ದುಬಾರಿ ಸ್ಕ್ಯಾನರುಗಳಿಗೆ ಮೀಸಲಲ್ಲ. ಕಾಲೇಜಿನ ಗ್ರಂಥಾಲಯದ ಸರ್ವರ್, ಸಹಕಾರ ಸಂಘದ ಲೆಕ್ಕಪತ್ರದ ಯಂತ್ರ, ಸಣ್ಣ ಪತ್ರಿಕೆಯ ಜಾಲತಾಣ ಹೀಗೆ ಲಿನಕ್ಸ್ ಇರುವ ಕಡೆಯೆಲ್ಲ ಯಾರೋ ಒಬ್ಬರು ಇಪ್ಪತ್ತು ಮೂವತ್ತು ಸಾಲಿನ ಪೈಥಾನ್ ಸ್ಕ್ರಿಪ್ಟೊಂದನ್ನು ಬರೆದಿಟ್ಟಿರುತ್ತಾರೆ. ಅದು ಬೆಳಗಿನ ಜಾವ ತಾನಾಗಿ ಓಡಿ, ಯಾವ ಯಾವ ಪ್ಯಾಕೇಜಿಗೆ ಹೊಸ ಆವೃತ್ತಿ ಬಂದಿದೆ ಎಂದು ನೋಡಿ, ಒಂದು ಮೇಲ್ ಕಳಿಸುತ್ತದೆ. ಪೈಥಾನ್‌ಗೆ ಈ ಕೆಲಸ ಹೊಸದೇನಲ್ಲ. ಉಬುಂಟು ಸರ್ವರಿಗೆ ಲಾಗಿನ್ ಆದೊಡನೆ ಕಾಣುವ ‘ಇಷ್ಟು ಅಪ್‌ಡೇಟ್‌ಗಳಿವೆ’ ಎಂಬ ಸಾಲಿನ ಹಿಂದಿರುವ ‘ಆಪ್ಟ್-ಚೆಕ್’ ಪೈಥಾನ್ ಸ್ಕ್ರಿಪ್ಟೇ. ಭದ್ರತಾ ಅಪ್‌ಡೇಟ್‌ಗಳನ್ನು ತಾನೇ ಹಾಕಿಕೊಳ್ಳುವ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಕೂಡ ಪೈಥಾನ್. ರೆಡ್ ಹ್ಯಾಟ್ ಬಳಗದ ‘ಯಮ್’ ಪೈಥಾನಿನಲ್ಲೇ ಹುಟ್ಟಿ ಬೆಳೆದದ್ದು.

ಇಂಥ ಸ್ಕ್ರಿಪ್ಟಿಗೆ ಎರಡು ಉತ್ತರ ಸಾಲದು, ಮೂರು ಬೇಕು ಎಂಬುದು ನನ್ನ ವಾದ: ಅಪ್‌ಡೇಟ್ ಇದೆ, ಇಲ್ಲ, ಗೊತ್ತಿಲ್ಲ. ‘ಇದೆ’ ಎನ್ನಲು ಒಂದು ಪ್ಯಾಕೇಜ್ ಸಿಕ್ಕರೆ ಸಾಕು. ‘ಇಲ್ಲ’ ಎನ್ನಬೇಕಾದರೆ ನೋಡಬೇಕಾದ ಕಡೆಯೆಲ್ಲ ನೋಡಿರಬೇಕು, ನೋಡಿದ್ದು ಇವತ್ತಿನ ಮಾಹಿತಿಯಾಗಿರಬೇಕು, ಹೋಲಿಕೆ ಸರಿಯಾಗಿ ನಡೆದಿರಬೇಕು. ಈ ಮೂರರಲ್ಲಿ ಒಂದು ಕೈಕೊಟ್ಟರೂ ಪ್ರಾಮಾಣಿಕವಾದ ಉತ್ತರ ‘ಗೊತ್ತಿಲ್ಲ’. ನಾವು ಬರೆಯುವ ಬಹುತೇಕ ಸ್ಕ್ರಿಪ್ಟುಗಳು ಆ ‘ಗೊತ್ತಿಲ್ಲ’ವನ್ನು ಸದ್ದಿಲ್ಲದೆ ‘ಇಲ್ಲ’ದ ಖಾತೆಗೆ ಜಮಾ ಮಾಡುತ್ತವೆ.

ಅದು ಆಗುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಡೆಬಿಯನ್, ಉಬುಂಟುಗಳಲ್ಲಿ ಅಪ್‌ಡೇಟ್ ಹುಡುಕುವುದು ಎರಡು ಹೆಜ್ಜೆಯ ಕೆಲಸ. ದೂರದ ಮಿರರ್ ಸರ್ವರಿನಿಂದ ಪ್ಯಾಕೇಜುಗಳ ಪಟ್ಟಿಯನ್ನು ಇಳಿಸಿಕೊಂಡು ಯಂತ್ರದಲ್ಲೇ ಇಟ್ಟುಕೊಳ್ಳುವುದು ಮೊದಲನೆಯದು. ಆ ಪಟ್ಟಿಯನ್ನು ನಮ್ಮಲ್ಲಿ ಸ್ಥಾಪಿತವಾಗಿರುವ ಪ್ಯಾಕೇಜುಗಳೊಂದಿಗೆ ಹೋಲಿಸುವುದು ಎರಡನೆಯದು. ಎರಡನೆಯ ಹೆಜ್ಜೆಗೆ ನೆಟ್‌ವರ್ಕ್ ಬೇಕಿಲ್ಲ. ಮೊದಲನೆಯದು ಮೂರು ತಿಂಗಳಿಂದ ನಡೆದೇ ಇಲ್ಲದಿದ್ದರೂ ಎರಡನೆಯದು ಚಕಚಕನೆ ಮುಗಿದು ಅಚ್ಚುಕಟ್ಟಾದ ಒಂದು ಸಂಖ್ಯೆಯನ್ನು ಕೊಡುತ್ತದೆ. ಹೋದ ವರ್ಷದ ಪಂಚಾಂಗ ತೆಗೆದು ಇವತ್ತಿನ ತಿಥಿ ನೋಡಿದ ಹಾಗೆ: ಪಂಚಾಂಗ ತಡವರಿಸುವುದಿಲ್ಲ, ಉತ್ತರವೂ ಸ್ಪಷ್ಟವಾಗಿಯೇ ಇರುತ್ತದೆ.

ಸರಿ, ಪ್ರತಿ ಸಲವೂ ಮೊದಲು ಪಟ್ಟಿಯನ್ನು ಹೊಸದು ಮಾಡಿಕೊಂಡರಾಯಿತಲ್ಲ ಎನ್ನಬಹುದು. ಮಾಡಿಕೊಳ್ಳಬೇಕು, ನಿಜ. ಆದರೆ ‘ಆಪ್ಟ್-ಗೆಟ್ ಅಪ್‌ಡೇಟ್’ ಆದೇಶದ ಒಂದು ನಡವಳಿಕೆಯನ್ನು ಅರಿತಿರುವುದು ಅಗತ್ಯ. ಮಿರರ್ ಜೊತೆ ಸಂಪರ್ಕ ಸಿಗದಂಥ ತಾತ್ಕಾಲಿಕ ತೊಂದರೆ ಬಂದರೆ ಅದು, ಕೆಲವು ಪಟ್ಟಿಗಳು ಇಳಿಯಲಿಲ್ಲ, ಅವನ್ನು ಕಡೆಗಣಿಸಲಾಗಿದೆ ಅಥವಾ ಹಳೆಯವನ್ನೇ ಬಳಸಲಾಗಿದೆ ಎಂಬರ್ಥದ ಎಚ್ಚರಿಕೆಯ ಸಾಲನ್ನು ಪರದೆಯ ಮೇಲೆ ಬರೆಯುತ್ತದೆ. ಬರೆದು, ಕೆಲಸ ಸಲೀಸಾಗಿ ಮುಗಿಯಿತೆಂದು ಸೂಚಿಸುವ ಸೊನ್ನೆ ಸಂಕೇತದೊಂದಿಗೆ ಹೊರಬೀಳುತ್ತದೆ. ಪರದೆಯ ಮುಂದೆ ಮನುಷ್ಯನಿದ್ದರೆ ಆ ಸಾಲು ಕಣ್ಣಿಗೆ ಬೀಳುತ್ತಿತ್ತು. ಬೆಳಗಿನ ಜಾವ ಓಡುವ ಸ್ಕ್ರಿಪ್ಟ್ ನೋಡುವುದು ಸಂಕೇತವನ್ನು ಮಾತ್ರ. ಆಫೀಸಿನ ಫೈರ್‌ವಾಲ್ ನಿಯಮವನ್ನು ಯಾರೋ ಬದಲಿಸಿದ ದಿನದಿಂದ ಆ ಯಂತ್ರ ಹೊರಜಗತ್ತಿನ ಮಾತನ್ನೇ ಕೇಳಿಲ್ಲ. ದಿನವೂ ಬರುವ ಮೇಲ್ ಮಾತ್ರ ‘ಅಪ್‌ಡೇಟ್: 0’ ಎನ್ನುತ್ತಲೇ ಇರುತ್ತದೆ. ಆಪ್ಟ್‌ನ ಈಚಿನ ಆವೃತ್ತಿಗಳಲ್ಲಿ, ಯಾವ ತೊಂದರೆ ಬಂದರೂ ಅದನ್ನು ವೈಫಲ್ಯವೆಂದೇ ಎಣಿಸು ಎಂದು ಹೇಳುವ ಆಯ್ಕೆಯೊಂದನ್ನು ಕೊಟ್ಟಿದ್ದಾರೆ. ಸ್ಕ್ರಿಪ್ಟ್ ಬರೆಯುವವರು ಅದನ್ನು ಹುಡುಕಿ ಹಾಕಲೇಬೇಕು.

ಸಂಪರ್ಕವೇನೋ ಇದೆ, ಆದರೆ ಅತ್ತ ಕಡೆಯವರೇ ಸುಳ್ಳು ಹೇಳುತ್ತಿದ್ದರೆ? ಅತಿಯಾದ ಅನುಮಾನವೆಂದು ತೋರಬಹುದು. 2008ರಲ್ಲಿ ಅರಿಜೋನ ವಿಶ್ವವಿದ್ಯಾಲಯದಲ್ಲಿ ಜಸ್ಟಿನ್ ಕ್ಯಾಪೋಸ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದರು. ಇಲ್ಲದ ಕಂಪನಿಯೊಂದರ ಹೆಸರಿನಲ್ಲಿ ಬಾಡಿಗೆ ಸರ್ವರ್ ಹಿಡಿದು, ಜನಪ್ರಿಯ ಲಿನಕ್ಸ್ ವಿತರಣೆಗಳ ಅಧಿಕೃತ ಮಿರರುಗಳ ಪಟ್ಟಿಯಲ್ಲಿ ಅದನ್ನು ಸೇರಿಸುವುದು ಅವರಿಗೆ ಕಷ್ಟವಾಗಲಿಲ್ಲ. ಅಂಥ ಮಿರರ್ ಏನನ್ನೂ ತಿದ್ದಬೇಕಿಲ್ಲ. ಹಳೆಯ ಪಟ್ಟಿಯನ್ನೇ ಮತ್ತೆ ಮತ್ತೆ ಕೊಡುತ್ತಿದ್ದರೆ ಸಾಕು. ಪಟ್ಟಿಯ ಮೇಲಿನ ಡಿಜಿಟಲ್ ಸಹಿ ಅಸಲಿಯೇ, ಆದ್ದರಿಂದ ಯಾವ ಗಂಟೆಯೂ ಬಾರಿಸುವುದಿಲ್ಲ. ನಮ್ಮ ಯಂತ್ರಕ್ಕೆ ಹೊಸ ಅಪ್‌ಡೇಟ್ ಬಂದ ಸುದ್ದಿಯೇ ಮುಟ್ಟುವುದಿಲ್ಲ. ಡೆಬಿಯನ್ ತನ್ನ ಭದ್ರತಾ ಪಟ್ಟಿಗಳಲ್ಲಿ ‘ಇಂಥ ದಿನದವರೆಗೆ ಮಾನ್ಯ’ ಎಂದು ಅವಧಿ ನಮೂದಿಸುವುದು ಇದಕ್ಕಾಗಿಯೇ. ಅವಧಿ ಮೀರಿದ ಪಟ್ಟಿಯನ್ನು ಆಪ್ಟ್ ಒಪ್ಪುವುದಿಲ್ಲ. ಗಡಿಯಾರ ತಪ್ಪಿದ ಯಂತ್ರಗಳಲ್ಲಿ ಇದು ಕಿರಿಕಿರಿ ಮಾಡುತ್ತದೆಂದು ಆ ಪರೀಕ್ಷೆಯನ್ನೇ ನಿಲ್ಲಿಸಿಬಿಡಲು ಸಲಹೆ ಕೊಡುವವರಿದ್ದಾರೆ. ಅದು ಕೆಟ್ಟ ಸಲಹೆ. ಗಡಿಯಾರವನ್ನು ಸರಿಪಡಿಸಿಕೊಳ್ಳಿ.

ಇನ್ನು ಹೋಲಿಕೆಯ ವಿಷಯ. ಪೈಥಾನಿಗೆ ಎರಡು ಆವೃತ್ತಿ ಸಂಖ್ಯೆಗಳನ್ನು ಬರಿಯ ಅಕ್ಷರಗಳಾಗಿ ಕೊಟ್ಟು ಹೋಲಿಸು ಎಂದರೆ 1.9 ದೊಡ್ಡದು, 1.10 ಚಿಕ್ಕದು ಎನ್ನುತ್ತದೆ. ಇದಕ್ಕೆ ಮದ್ದು ಎಲ್ಲರಿಗೂ ಗೊತ್ತು: ಪೈಥಾನ್ ಪ್ಯಾಕೇಜುಗಳಿಗೆ ‘ಪ್ಯಾಕೇಜಿಂಗ್’ ಲೈಬ್ರರಿ, ಡೆಬಿಯನ್ ಪ್ಯಾಕೇಜುಗಳಿಗೆ ಡೆಬಿಯನ್ನಿನದೇ ನಿಯಮ. ಹೆಚ್ಚು ಜನ ಎಡವುವುದು ಬೇರೊಂದು ಕಡೆ. 2014ರ ಏಪ್ರಿಲ್ 7ರಂದು ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ಲೋಪ ಬಯಲಾಯಿತು. ಸರಿಯಾದ ಆವೃತ್ತಿ 1.0.1ಜಿ ಎಂದು ಎಲ್ಲೆಡೆ ಸುದ್ದಿ. ಉಬುಂಟು 12.04 ಬಳಸುತ್ತಿದ್ದವರು ಅಪ್‌ಡೇಟ್ ಹಾಕಿ ಆವೃತ್ತಿ ಕೇಳಿದರೆ ಯಂತ್ರ ಇನ್ನೂ 1.0.1 ಎಂದೇ ಹೇಳುತ್ತಿತ್ತು. ಎಷ್ಟೋ ಜನ ಗಾಬರಿಯಾದರು. ಉಬುಂಟು ಮಾಡಿದ್ದಿಷ್ಟು: ಹಳೆಯ ಆವೃತ್ತಿಯನ್ನೇ ಉಳಿಸಿಕೊಂಡು ಲೋಪ ಸರಿಪಡಿಸುವ ಕೆಲವು ಸಾಲುಗಳನ್ನು ಮಾತ್ರ ಅದಕ್ಕೆ ಹಚ್ಚಿತ್ತು. ಪ್ಯಾಕೇಜಿನ ಪೂರ್ಣ ಸಂಖ್ಯೆ 1.0.1-4ಉಬುಂಟು5.12, ಇಲ್ಲಿ ನೋಡಬೇಕಾದದ್ದು ಕೊನೆಯ ಆ 12ನ್ನು. ಮೂಲ ಯೋಜನೆಯ ಜಾಲತಾಣದಿಂದ ಇತ್ತೀಚಿನ ಸಂಖ್ಯೆ ತಂದು ಯಂತ್ರದಲ್ಲಿರುವುದರ ಪಕ್ಕದಲ್ಲಿಡುವ ಸ್ಕ್ರಿಪ್ಟ್ ಇಂಥ ಕಡೆ ಸುರಕ್ಷಿತ ಯಂತ್ರವನ್ನು ಅಪಾಯದಲ್ಲಿದೆ ಎನ್ನುತ್ತದೆ. ದಿನವೂ ಹಾಗೆ ಕೂಗಿಕೊಳ್ಳುವ ಸ್ಕ್ರಿಪ್ಟಿನ ಮೇಲ್ ಓದುವುದನ್ನು ಜನ ಕೆಲವೇ ವಾರಗಳಲ್ಲಿ ಬಿಟ್ಟುಬಿಡುತ್ತಾರೆ. ಆದ್ದರಿಂದ ಯಾವ ವಿತರಣೆಯ ಪ್ಯಾಕೇಜೋ ಆ ವಿತರಣೆಯ ಪಟ್ಟಿಯನ್ನೇ ಕೇಳಬೇಕು.

ಹಾರ್ಟ್‌ಬ್ಲೀಡ್ ಇನ್ನೊಂದನ್ನೂ ತೋರಿಸಿಕೊಟ್ಟಿತು. ಡಿಸ್ಕಿನ ಮೇಲೆ ಹೊಸ ಲೈಬ್ರರಿ ಬಂದು ಕೂತರೂ ಮೊದಲೇ ಓಡುತ್ತಿದ್ದ ವೆಬ್ ಸರ್ವರ್ ತನ್ನ ನೆನಪಿನಲ್ಲಿ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಅದನ್ನು ರೀಸ್ಟಾರ್ಟ್ ಮಾಡುವವರೆಗೆ ಲೋಪ ಜೀವಂತ. ‘ಬಾಕಿ ಅಪ್‌ಡೇಟ್ 0’ ಎಂಬ ವರದಿ ಅಕ್ಷರಶಃ ಸತ್ಯ, ಯಂತ್ರವೂ ಅಪಾಯದಲ್ಲಿದೆ. ಎರಡೂ ಒಟ್ಟಿಗೆ ನಿಜ. ರೀಬೂಟ್ ಅಗತ್ಯವಿದ್ದರೆ ಉಬುಂಟು ಅದಕ್ಕೆಂದೇ ಒಂದು ಗುರುತಿನ ಫೈಲ್ ಇಡುತ್ತದೆ. ಅದಿದೆಯೇ ಎಂದು ನೋಡಲು ಪೈಥಾನಿನಲ್ಲಿ ಒಂದು ಸಾಲು ಸಾಕು.

ಎಲ್ಲ ಸೊನ್ನೆಗಳಿಗಿಂತ ಮೋಸದ್ದು ಬೆಂಬಲ ಮುಗಿದ ಯಂತ್ರದ ಸೊನ್ನೆ. ಉಬುಂಟು 18.04ರ ಸಾಮಾನ್ಯ ಬೆಂಬಲ 2023ರ ಮೇ ತಿಂಗಳಿಗೆ ಮುಗಿಯಿತು, ಸೆಂಟ್‌ಓಎಸ್ 7ರದು 2024ರ ಜೂನ್ 30ಕ್ಕೆ. ಹಣ ಕೊಟ್ಟು ಹೆಚ್ಚಿನ ಬೆಂಬಲ ಪಡೆಯದೆ ಇಂಥ ಯಂತ್ರವನ್ನು ಹಾಗೇ ಓಡಿಸುತ್ತಿದ್ದರೆ ಅಪ್‌ಡೇಟ್ ಇಲ್ಲ ಎಂಬ ವರದಿ ಪ್ರತಿದಿನ ಬರುತ್ತಲೇ ಇರಬಹುದು. ತಯಾರಿಸುವವರೇ ಇಲ್ಲದಿದ್ದರೆ ಅಪ್‌ಡೇಟ್ ಬರುವುದೆಲ್ಲಿಂದ? ವಾರಕ್ಕೆ ಹತ್ತು ಅಪ್‌ಡೇಟ್ ಕೇಳುವ ಯಂತ್ರಕ್ಕಿಂತ ಏನನ್ನೂ ಕೇಳದ ಈ ಯಂತ್ರ ಮೇಲ್ವಿಚಾರಕರ ಕಣ್ಣಿಗೆ ಆರೋಗ್ಯವಾಗಿ ಕಾಣುತ್ತದೆ. ಬೆಂಬಲ ಮುಗಿಯುವ ದಿನಾಂಕವನ್ನು ಪರೀಕ್ಷಿಸದ ಸ್ಕ್ರಿಪ್ಟನ್ನು ಅರೆಬರೆ ಸ್ಕ್ರಿಪ್ಟ್ ಎಂದೇ ನಾನು ಕರೆಯುತ್ತೇನೆ.

ಇಲ್ಲೊಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ನೋಡುವುದು, ಎಣಿಸುವುದು, ಮೇಲ್ ಕಳಿಸುವುದು ಇಷ್ಟೆಲ್ಲ ಯಾಕೆ? ಇರುವ ಅಪ್‌ಡೇಟ್‌ಗಳನ್ನೆಲ್ಲ ಯಂತ್ರವೇ ಹಾಕಿಕೊಳ್ಳಲಿ. ವಿತರಣೆಯವರೇ ಪರೀಕ್ಷಿಸಿ ಕೊಡುವ ಭದ್ರತಾ ಅಪ್‌ಡೇಟ್‌ಗಳ ಮಟ್ಟಿಗೆ ನಾನು ಈ ಮಾತನ್ನು ಒಪ್ಪುತ್ತೇನೆ. ಅಲ್ಲಿ ಮನುಷ್ಯನಿಗಾಗಿ ಕಾಯುವುದರಿಂದ ಆಗುವ ನಷ್ಟವೇ ಹೆಚ್ಚು. ಪೈಥಾನ್ ಪ್ಯಾಕೇಜುಗಳ ಲೋಕದಲ್ಲಿ ಒಪ್ಪಲಾರೆ. ಪೈಪಿಐ ಭಂಡಾರದಲ್ಲಿ ‘ಸಿಟಿಎಕ್ಸ್’ ಎಂಬ ಪುಟ್ಟ ಪ್ಯಾಕೇಜಿತ್ತು. 2014ರಿಂದ ಅದಕ್ಕೆ ಕೈ ಹಚ್ಚಿದವರಿರಲಿಲ್ಲ. ಅದರ ಕರ್ತೃವಿನ ಇಮೇಲ್ ಇದ್ದ ಡೊಮೇನ್ ನವೀಕರಣವಾಗದೆ ಬಿಟ್ಟುಹೋಯಿತು. 2022ರ ಮೇ ತಿಂಗಳಲ್ಲಿ ಯಾರೋ ಆ ಡೊಮೇನನ್ನು ಕೊಂಡು, ಆ ಇಮೇಲಿನ ಮೂಲಕ ಪಾಸ್‌ವರ್ಡ್ ಬದಲಿಸಿ, ಪ್ಯಾಕೇಜನ್ನು ವಶಪಡಿಸಿಕೊಂಡು ಹೊಸ ಆವೃತ್ತಿಗಳನ್ನು ಏರಿಸಿದರು. ಅದನ್ನು ಹಾಕಿಕೊಂಡ ಯಂತ್ರಗಳ ಪರಿಸರ ಚರಗಳು, ಅವುಗಳಲ್ಲಿದ್ದ ರಹಸ್ಯ ಕೀಲಿಗಳ ಸಮೇತ, ಹೊರಗೆ ರವಾನೆಯಾಗುತ್ತಿದ್ದವು. ಆ ದಿನಗಳಲ್ಲಿ ಓಡಿದ ತಪಾಸಣೆಯ ಸ್ಕ್ರಿಪ್ಟ್ ಏನು ಹೇಳುತ್ತಿತ್ತು? ಸಿಟಿಎಕ್ಸ್‌ಗೆ ಹೊಸ ಆವೃತ್ತಿ ಬಂದಿದೆ ಎಂದು. ಅದು ತಪ್ಪೂ ಅಲ್ಲ.

2024ರ ಮಾರ್ಚ್‌ನಲ್ಲಿ ‘ಎಕ್ಸ್‌ಝಡ್’ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಪತ್ತೆಯಾದಾಗಲೂ ಹೀಗೆಯೇ ಆಯಿತು. ಅತಿ ಹೊಸದನ್ನು ಬಳಸುವವರು ಸಿಕ್ಕಿಕೊಂಡರು. ಹಳೆಯ ಆವೃತ್ತಿಯಲ್ಲೇ ಇದ್ದ ಡೆಬಿಯನ್ ಸ್ಟೇಬಲ್ ಬಳಕೆದಾರರಿಗೆ ಏನೂ ಆಗಲಿಲ್ಲ. ಅದೇ ವರ್ಷ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಅಪ್‌ಡೇಟ್ ಯಾರನ್ನೂ ಕೇಳದೆ ಇಳಿದು, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಹಾಗಾಗಿ ಇದೆಯೇ ಎಂದು ನೋಡುವುದನ್ನೂ ಹಾಕಿಬಿಡುವುದನ್ನೂ ಬೇರೆ ಬೇರೆ ಇಡಬೇಕು. ನೋಡುವುದು ಯಂತ್ರದ ಕೆಲಸ, ದಿನವೂ ತಪ್ಪದೆ ಆಗಲಿ. ಪೈಪಿಐನಿಂದ ಬರುವ ಹೊಸ ಆವೃತ್ತಿಯನ್ನು, ಅದು ತುರ್ತು ಭದ್ರತಾ ಪರಿಹಾರವಲ್ಲದಿದ್ದರೆ, ಕೆಲವು ದಿನ ಹಳತಾಗಲು ಬಿಟ್ಟು ಮನುಷ್ಯರೊಬ್ಬರು ಕಣ್ಣಾಡಿಸಿ ಹಾಕುವುದೇ ಕ್ಷೇಮ.

ಹಾಗಾದರೆ ಸ್ಕ್ರಿಪ್ಟ್ ಹೇಗಿರಬೇಕು? ‘ಗೊತ್ತಿಲ್ಲ’ ಕಾಣೆಯಾಗುವ ಜಾಗ ಹೆಚ್ಚಾಗಿ ಎರಡು ಸಾಲುಗಳಲ್ಲಿರುತ್ತದೆ. ಒಂದು, ‘ಟ್ರೈ’ ಮಾಡಿ, ದೋಷ ಬಂದರೆ ‘ಎಕ್ಸೆಪ್ಟ್’ ಕೆಳಗೆ ಖಾಲಿ ಪಟ್ಟಿಯನ್ನು ಹಿಂದಿರುಗಿಸುವ ಸಾಲು. ಸ್ಕ್ರಿಪ್ಟ್ ಮಧ್ಯದಲ್ಲಿ ನಿಂತುಹೋಗದಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಅದನ್ನು ಬರೆದಿರುತ್ತಾರೆ. ಫಲಿತಾಂಶ ಮಾತ್ರ, ನೆಟ್‌ವರ್ಕ್ ಸತ್ತಿದ್ದರೂ ಅಪ್‌ಡೇಟ್ ಶೂನ್ಯ. ಇನ್ನೊಂದು, ‘ಇಫ್ ನಾಟ್ ಅಪ್‌ಡೇಟ್ಸ್’ ಎಂಬ ಸಾಲು. ಪೈಥಾನಿನಲ್ಲಿ ಖಾಲಿ ಪಟ್ಟಿ, ಸೊನ್ನೆ, ‘ನನ್’ ಎಂಬ ಏನೂ ಇಲ್ಲದ ಬೆಲೆ ಈ ಮೂರೂ ಆ ಪರೀಕ್ಷೆಯಲ್ಲಿ ಒಂದೇ. ಎಚ್ಚರದಿಂದ ದೋಷಕ್ಕೆ ‘ನನ್’ ಎಂದೂ ಅಪ್‌ಡೇಟ್ ಇಲ್ಲದಿರುವುದಕ್ಕೆ ಖಾಲಿ ಪಟ್ಟಿ ಎಂದೂ ಬೇರೆ ಮಾಡಿ ಇಟ್ಟವರ ಶ್ರಮ ಈ ಒಂದು ಸಾಲಿನಲ್ಲಿ ನೀರುಪಾಲಾಗುತ್ತದೆ. ಮೂರು ಸ್ಥಿತಿಗಳಿಗೂ ಹೆಸರು ಕೊಟ್ಟು, ಪ್ರತಿಯೊಂದನ್ನೂ ಹೆಸರು ಹಿಡಿದೇ ಕೇಳುವುದು ನಾಲ್ಕು ಸಾಲು ಹೆಚ್ಚಿನ ಕೆಲಸ. ಆ ನಾಲ್ಕು ಸಾಲಿಗೆ ಜಿಪುಣತನ ಬೇಡ.

ಫೆಡೊರಾ ಮತ್ತು ರೆಡ್ ಹ್ಯಾಟ್ ಬಳಗದ ‘ಡಿಎನ್‌ಎಫ್’ ಈ ಮಟ್ಟಿಗೆ ಮಾದರಿ. ಅದರ ‘ಚೆಕ್-ಅಪ್‌ಡೇಟ್’ ಆದೇಶ ಅಪ್‌ಡೇಟ್ ಇಲ್ಲದಿದ್ದರೆ 0, ಇದ್ದರೆ 100, ತಾನೇ ಸೋತರೆ 1 ಎಂದು ಮೂರು ಸಂಕೇತ ಕೊಡುತ್ತದೆ. ಸೊನ್ನೆಯಲ್ಲದ್ದೆಲ್ಲ ದೋಷ ಎಂದು ನಂಬಿ ಅದನ್ನು ಕರೆಯುವ ಪೈಥಾನ್ ಸ್ಕ್ರಿಪ್ಟ್, ಅಪ್‌ಡೇಟ್ ಇರುವ ದಿನವೇ ಮುಗ್ಗರಿಸಿ ಬೀಳುತ್ತದೆ. ಅದಕ್ಕೆ ಡಿಎನ್‌ಎಫ್ ಹೊಣೆಯಲ್ಲ, ದಾಖಲೆ ಓದದೆ ಬರೆದ ಕೈ ಹೊಣೆ. ‘ಆಪ್ಟ್’ ಆದೇಶವಂತೂ ತನ್ನ ಮಾತಿನ ರೂಪ ಬದಲಾಗಬಹುದು, ಸ್ಕ್ರಿಪ್ಟುಗಳಲ್ಲಿ ಬಳಸುವಾಗ ಎಚ್ಚರ ಎಂದು ತಾನೇ ಹೇಳುತ್ತದೆ. ಆದ್ದರಿಂದ ಅದು ಪರದೆಗೆ ಬರೆದದ್ದನ್ನು ಕತ್ತರಿಸಿ ಅರ್ಥ ಹುಡುಕುವ ಬದಲು ‘ಪೈಥಾನ್-ಆಪ್ಟ್’ ಲೈಬ್ರರಿಯನ್ನು ನೇರವಾಗಿ ಕೇಳುವುದು ಸರಿಯಾದ ದಾರಿ. ಪೈಥಾನ್ ಪ್ಯಾಕೇಜುಗಳನ್ನು ಹಾಕಿಕೊಡುವ ‘ಪಿಪ್’ ವಿಷಯದಲ್ಲಿ ಸಲಹೆ ಇದಕ್ಕೆ ತಿರುಗುಮುರುಗು: ಒಳಭಾಗಗಳನ್ನು ಲೈಬ್ರರಿಯಂತೆ ಬಳಸಬೇಡಿ, ಪಿಪ್ ಅನ್ನು ಬೇರೆ ಪ್ರಕ್ರಿಯೆಯಾಗಿ ಓಡಿಸಿ ಎಂದು ಅದರ ದಾಖಲೆಯೇ ಹೇಳುತ್ತದೆ. 2018ರಲ್ಲಿ ಪಿಪ್ 10 ಬಂದಾಗ, ಈ ಮಾತನ್ನು ಮೀರಿದ್ದ ಸ್ಕ್ರಿಪ್ಟುಗಳು ಸಾಲುಸಾಲಾಗಿ ಮುರಿದುಬಿದ್ದವು. ಹಳತಾದ ಪ್ಯಾಕೇಜುಗಳ ಪಟ್ಟಿಯನ್ನು ಪಿಪ್ ಜೇಸಾನ್ ರೂಪದಲ್ಲಿ ಕೊಡುತ್ತದೆ, ಅದನ್ನೇ ಓದಿಕೊಳ್ಳಬೇಕು.

ಆದರೆ ಆ ಪಿಪ್ ನೋಡುವುದು ತಾನಿರುವ ಪರಿಸರವನ್ನು ಮಾತ್ರ. ಒಂದೇ ಸರ್ವರಿನಲ್ಲಿ ವ್ಯವಸ್ಥೆಯ ಪೈಥಾನ್ ಒಂದು, ವೆಬ್ ಆ್ಯಪ್‌ನ ವರ್ಚುವಲ್ ಪರಿಸರ ಇನ್ನೊಂದು, ವರದಿ ತಯಾರಿಸುವ ಹಳೆಯ ಕೋಡಿನದು ಮತ್ತೊಂದು ಇರುವುದು ಸಾಮಾನ್ಯ. ಸ್ಕ್ರಿಪ್ಟ್ ಯಾವ ಪೈಥಾನಿನಲ್ಲಿ ಓಡುತ್ತದೋ ಅದನ್ನಷ್ಟೇ ತಪಾಸಿಸಿ, ನಿಜವಾಗಿ ಜಗತ್ತಿಗೆ ತೆರೆದುಕೊಂಡಿರುವ ವೆಬ್ ಆ್ಯಪ್‌ನ ಪರಿಸರದೊಳಗೆ ಇಣುಕದೆಯೇ ಎಲ್ಲ ಸರಿಯಾಗಿದೆ ಎನ್ನುತ್ತದೆ. ಈಕ್ವಿಫ್ಯಾಕ್ಸ್ ಸ್ಕ್ಯಾನರ್ ಒಳಗಿನ ಫೋಲ್ಡರನ್ನು ನೋಡದೆ ಹೋದದ್ದು ಹೀಗೆಯೇ. ಹಾಗಾಗಿ ವರದಿಯಲ್ಲಿ ಸಂಖ್ಯೆಯ ಜೊತೆಗೆ ಇನ್ನೆರಡು ವಿವರ ಇರಲೇಬೇಕು: ಯಾವ ಯಾವ ಪರಿಸರಗಳನ್ನು ನೋಡಲಾಯಿತು, ಯಾವ ಹೊತ್ತಿನ ಪಟ್ಟಿಯನ್ನು ಆಧರಿಸಿ. ‘0 ಅಪ್‌ಡೇಟ್, ಪಟ್ಟಿ ಇಂದು ಬೆಳಗ್ಗೆ 5.40ರದು, ನೋಡಿದ ಪರಿಸರ 3’ ಎಂದರೆ ಅದನ್ನು ಪ್ರಶ್ನಿಸಬಹುದು, ನಾಲ್ಕನೆಯದು ಎಲ್ಲಿ ಎಂದು ಕೇಳಬಹುದು. ಬರಿಯ ಸೊನ್ನೆಯನ್ನು ಏನೆಂದು ಪ್ರಶ್ನಿಸುವುದು?

‘ಗೊತ್ತಿಲ್ಲ’ ಎಂದು ಬರೆಯಲು ತಡೆ ಇರುವುದು ತಂತ್ರಜ್ಞಾನದಲ್ಲಿ ಮಾತ್ರವಲ್ಲ. ಸೋಮವಾರದ ಪರಿಶೀಲನಾ ಸಭೆಯಲ್ಲಿ ಹಸಿರು ಬಣ್ಣದ ಪಟ್ಟಿ ತೋರಿಸಿದವನಿಗೆ ಶಹಭಾಸ್, ‘ಎಂಟು ಯಂತ್ರಗಳ ವಿಷಯ ತಿಳಿಯಲಿಲ್ಲ’ ಎಂದವನಿಗೆ ಪ್ರಶ್ನೆಗಳ ಸುರಿಮಳೆ. ಮುಂದಿನ ವಾರ ಆ ಎಂಟೂ ಹಸಿರಾಗಿರುತ್ತವೆ. ಹೇಗೆ ಹಸಿರಾದವೆಂದು ಯಾರೂ ಕೇಳುವುದಿಲ್ಲ. ಈ ಸಭೆಗಳನ್ನು ನಡೆಸುವವರು ‘ತಿಳಿಯಲಿಲ್ಲ’ ಎಂಬ ಅಂಕಣಕ್ಕೆ ವರದಿಯಲ್ಲಿ ಜಾಗ ಕೊಟ್ಟು, ಅದನ್ನು ತುಂಬಿದವರ ಮೇಲೆ ಹರಿಹಾಯದೆ, ಎರಡು ದಿನ ಅದೇ ಸ್ಥಿತಿಯಲ್ಲಿ ಉಳಿದ ಯಂತ್ರವನ್ನು ಅಪ್‌ಡೇಟ್ ಬಾಕಿ ಇರುವ ಯಂತ್ರದಷ್ಟೇ ತುರ್ತಾಗಿ ಎಣಿಸಬೇಕು. ಇದಕ್ಕೆ ದುಡ್ಡು ಖರ್ಚಾಗುವುದಿಲ್ಲ.

ಇನ್ನು ಸ್ಕ್ರಿಪ್ಟನ್ನೇ ತಪಾಸಿಸುವ ಬಗೆ. ಬೇಕೆಂದೇ ಒಂದು ಪ್ರಯೋಗದ ಯಂತ್ರದಲ್ಲಿ ನಿರಪಾಯಕಾರಿಯಾದ ಯಾವುದಾದರೂ ಪ್ಯಾಕೇಜಿನ ಹಳೆಯ ಆವೃತ್ತಿಯನ್ನು ಹಾಕಿಡಿ. ಆ ಯಂತ್ರದ ವರದಿಯಲ್ಲಿ ಅದರ ಹೆಸರು ದಿನವೂ ಬರಲೇಬೇಕು. ಬಾರದ ದಿನ ತಪಾಸಣೆಯೇ ಕೆಟ್ಟಿದೆ ಎಂದು ತಿಳಿಯಿರಿ. ಆಮೇಲೆ ಅದೇ ಯಂತ್ರದ ನೆಟ್‌ವರ್ಕ್ ಕೇಬಲ್ ಕಿತ್ತು ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸಿ. ‘0’ ಎಂದು ಬಂದರೂ, ನಿನ್ನೆಯ ಸಂಖ್ಯೆಯೇ ಮತ್ತೆ ಬಂದರೂ ಅದನ್ನು ಯಾವ ಸರ್ವರಿಗೂ ಹಾಕಬೇಡಿ. ಪಟ್ಟಿ ತರಲಾಗಲಿಲ್ಲ, ಕೊನೆಯದು ಇಂಥ ದಿನದ್ದು ಎಂದು ಅದು ಹೇಳುವವರೆಗೂ ತಿದ್ದುತ್ತಿರಿ.